ಎಳನೀರು, ಕಟ್ಟುಹಾವು, ಬಿಸಿನೀರು: ನರಗಳು ಸುದ್ದಿ ಸಾಗಿಸುವ ಬಗೆ

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಮನೆಗೆ ಬಂದವರಿಗೆ ಎಳನೀರು ಕೆತ್ತಿ ಕೊಡುವುದು ಸಾಮಾನ್ಯ ಮರ್ಯಾದೆ. ಜ್ವರ ಬಿಟ್ಟವರಿಗೂ ಅದೇ, ಬಿಸಿಲಲ್ಲಿ ದಣಿದವರಿಗೂ ಅದೇ. ಆದರೆ ಇದೇ ಊರುಗಳಲ್ಲಿ ಕಿಡ್ನಿ ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವೈದ್ಯರು ಹೇಳುವ ಪಥ್ಯದಲ್ಲಿ ‘ಎಳನೀರು ಮುಟ್ಟಬೇಡಿ’ ಎಂಬ ಮಾತು ಇದ್ದೇ ಇರುತ್ತದೆ. ಸ್ವಂತ ತೋಟದ ಕಾಯಿ ತನಗೇ ಆಗಿಬರುವುದಿಲ್ಲ ಅಂದರೆ ಯಾವ ರೈತನಿಗೂ ನಂಬಿಕೆ ಬರುವುದು ಕಷ್ಟ. ಈ ಪಥ್ಯದ ಕಾರಣ ಅರ್ಧ ಕಿಡ್ನಿಯಲ್ಲಿದೆ. ಉಳಿದರ್ಧ ನರಕೋಶ ಮತ್ತು ಹೃದಯದ ಸ್ನಾಯುಗಳು ವಿದ್ಯುತ್ತನ್ನು ಹುಟ್ಟಿಸುವ ರೀತಿಯಲ್ಲಿದೆ.

100 ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಸೋಡಿಯಂ ಅದಕ್ಕಿಂತ ಬಹಳ ಕಡಿಮೆ. 300 ಮಿಲಿಲೀಟರ್ ನೀರಿರುವ ಒಂದು ಕಾಯಿ ಕುಡಿದರೆ ಮುಕ್ಕಾಲು ಗ್ರಾಂ ಹತ್ತಿರ ಪೊಟ್ಯಾಸಿಯಂ ಒಳಗೆ ಹೋಯಿತು. ಇದೇನು ಮಹಾ ಎನಿಸಬಹುದು. ವಯಸ್ಕರ ದೇಹದಲ್ಲಿ ನೂರು ಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇದೆ. ಆದರೆ ಅದರಲ್ಲಿ ಹೆಚ್ಚೂಕಡಿಮೆ ಎಲ್ಲವೂ ಜೀವಕೋಶಗಳ ಒಳಗೆ ಇದೆ. ರಕ್ತವೂ ಸೇರಿದಂತೆ ಕೋಶಗಳ ಹೊರಗಿನ ದ್ರವದಲ್ಲಿ ಇರುವುದು ಎಲ್ಲ ಕೂಡಿ ಎರಡೂವರೆ ಗ್ರಾಂ ಆಸುಪಾಸು ಮಾತ್ರ. ಆ ಎರಡೂವರೆ ಗ್ರಾಂ ಏರುಪೇರಾಗದಂತೆ ಕಿಡ್ನಿ ಹಗಲಿರುಳು ಕಾಯುತ್ತದೆ. ನರಮಂಡಲದ ಇಡೀ ವಿದ್ಯುತ್ ವ್ಯವಹಾರ ಈ ಒಳಗಿನ ಮತ್ತು ಹೊರಗಿನ ವ್ಯತ್ಯಾಸದ ಮೇಲೆ ನಿಂತಿದೆ.

ನರಕೋಶದ ಸುತ್ತ ಕೊಬ್ಬಿನ ಎರಡು ಪದರಗಳ ಒಂದು ಪೊರೆ ಇದೆ. ಅದರ ದಪ್ಪ ಸುಮಾರು 7 ನ್ಯಾನೊಮೀಟರ್. ಪೊರೆಯ ಒಳಗಡೆ ಲೀಟರಿಗೆ 140 ಮಿಲಿಮೋಲಿನಷ್ಟು ಪೊಟ್ಯಾಸಿಯಂ, ಹೊರಗಡೆ 4ರಿಂದ 5. ಸೋಡಿಯಂ ಇದಕ್ಕೆ ತದ್ವಿರುದ್ಧ, ಹೊರಗೆ 145, ಒಳಗೆ 12ರ ಸುಮಾರು. ಉಪ್ಪಿನ ಅಯಾನುಗಳು ಕೊಬ್ಬನ್ನು ದಾಟಲಾರವು. ದಾಟಲು ಪ್ರೋಟೀನಿನಿಂದ ಆದ ಸೂಕ್ಷ್ಮ ನಾಳಗಳಿವೆ. ಒಂದೊಂದು ಬಗೆಯ ಅಯಾನಿಗೆ ಒಂದೊಂದು ಬಗೆಯ ನಾಳ. ನರ ಸುಮ್ಮನಿರುವಾಗ ಪೊಟ್ಯಾಸಿಯಮ್ಮಿನ ಕೆಲವು ನಾಳಗಳು ತೆರೆದಿರುತ್ತವೆ. ಒಳಗೆ ದಟ್ಟವಾಗಿರುವ ಪೊಟ್ಯಾಸಿಯಂ ಹೊರಕ್ಕೆ ಸೋರತೊಡಗುತ್ತದೆ. ಹೋಗುವ ಪ್ರತಿ ಅಯಾನೂ ಒಂದು ಧನ ವಿದ್ಯುದಂಶವನ್ನು ಹೊತ್ತು ಹೋಗುವುದರಿಂದ ಒಳಗಡೆ ಋಣ ಉಳಿಯುತ್ತದೆ. ಋಣ ಹೆಚ್ಚಿದಷ್ಟೂ ಅದು ಪೊಟ್ಯಾಸಿಯಮ್ಮನ್ನು ಹಿಂದಕ್ಕೆ ಸೆಳೆಯುತ್ತದೆ. ಈ ತಳ್ಳಾಟ ಮತ್ತು ಎಳೆದಾಟ ಒಂದು ಹದಕ್ಕೆ ಬಂದು ನಿಲ್ಲುವಾಗ ಪೊರೆಯ ಒಳಬದಿ ಹೊರಬದಿಗಿಂತ 70 ಮಿಲಿವೋಲ್ಟಿನಷ್ಟು ಕೆಳಗಿರುತ್ತದೆ. ಟಾರ್ಚಿನ ಸೆಲ್ಲಿನ ವೋಲ್ಟೇಜಿನಲ್ಲಿ ಇದು ಇಪ್ಪತ್ತರಲ್ಲೊಂದು ಪಾಲು. ಆದರೆ ಅಷ್ಟು ತೆಳುವಾದ ಪೊರೆಯ ಅಡ್ಡಕ್ಕೆ ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ 1 ಲಕ್ಷ ವೋಲ್ಟಿನ ಸೆಳೆತ. ಪೊರೆಯಲ್ಲಿ ಕೂತ ಪ್ರೋಟೀನುಗಳನ್ನು ಬಾಗಿಸಲು, ಹೊರಳಿಸಲು ಇದು ಧಾರಾಳವಾಗಿ ಸಾಕು.

ಕಿಡ್ನಿ ಸೋತು ಹೊರಗಿನ ಪೊಟ್ಯಾಸಿಯಂ 5ರಿಂದ 7ಕ್ಕೋ 8ಕ್ಕೋ ಏರಿತು ಅನ್ನೋಣ. ಒಳಗೂ ಹೊರಗೂ ಇದ್ದ ಅಂತರ ಕುಗ್ಗಿತು. ಹೊರಕ್ಕೆ ಸೋರುವ ಒತ್ತಡ ತಗ್ಗಿ 70 ಮಿಲಿವೋಲ್ಟಿನ ಆ ತಗ್ಗು ಮೇಲೇಳುತ್ತದೆ. ಮೊದಮೊದಲು ಕೋಶ ಬೇಗ ಕೆರಳುತ್ತದೆ, ಆಮೇಲೆ ಕೆರಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಸ್ನಾಯು ಸೋಲುತ್ತದೆ, ಹೃದಯದ ಲಯ ತಪ್ಪಿ ನಿಂತೇಬಿಡಬಹುದು. ವೈದ್ಯರು ಎಳನೀರು ಬೇಡ ಎನ್ನುವುದು ಇದಕ್ಕೆ. ಇನ್ನೊಂದು ಕಡೆಯ ಮಾತನ್ನೂ ಇಲ್ಲೇ ಹೇಳಬೇಕು. ವಾಂತಿ ಭೇದಿಯಲ್ಲಿ ದೇಹದಿಂದ ಸೋಡಿಯಂ ಹೇರಳವಾಗಿ ಹೋಗಿರುತ್ತದೆ, ಎಳನೀರಿನಲ್ಲಿ ಅದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ದ್ರಾವಣದಲ್ಲಿ ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಇಟ್ಟಿರುವುದು ಆ ಕಾರಣಕ್ಕೆ. ತೆಂಗಿನ ಸೀಮೆಯ ಮನೆಯಲ್ಲೂ ಓಆರ್‌ಎಸ್ ಪೊಟ್ಟಣ ಇರಬೇಕು.

ಸೋರುತ್ತಲೇ ಇದ್ದರೆ ಅಂತರ ಒಂದು ದಿನ ಮುಗಿಯಬೇಕಲ್ಲ? ಮುಗಿಯದಂತೆ ನೋಡಿಕೊಳ್ಳುವ ಪ್ರೋಟೀನನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೂ ಏಡಿಯ ನರದಲ್ಲಿ ಗುರುತಿಸಿದರು. ಅದು ಒಂದು ಸುತ್ತಿಗೆ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ, ಪ್ರತಿ ಸುತ್ತಿಗೂ ಕೋಶದ ಇಂಧನವನ್ನು ಖರ್ಚು ಮಾಡುತ್ತದೆ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಬಳಸುವುದಕ್ಕೆ ದೊಡ್ಡ ಕಾರಣ ಈ ಪಂಪು. ಸ್ಕೂ ಅವರಿಗೆ ನೊಬೆಲ್ ಬಂದದ್ದು ನಲವತ್ತು ವರ್ಷ ಕಳೆದು, 1997ರಲ್ಲಿ.

ನರದಲ್ಲಿ ವಿದ್ಯುತ್ತಿದೆ ಎಂಬ ಸಂಗತಿ ಮಾತ್ರ ಬಹಳ ಹಳೆಯದು. ಇಟಲಿಯ ಬೊಲೊನ್ಯದಲ್ಲಿ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲು ಜಿಗಿಯುವುದನ್ನು ತೋರಿಸಿ 1791ರಲ್ಲಿ ಬರೆದಿದ್ದರು. ಆಗಿನವರು ನರವನ್ನು ತಂತಿಯೆಂದು ಭಾವಿಸಿದರು, ಸುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಕಡೆ ಮುಟ್ಟುತ್ತದೆ ಎಂದುಕೊಂಡರು. 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ವೇಗವನ್ನು ಅಳೆದಾಗ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ತಂತಿಯ ವಿದ್ಯುತ್ತಾಗಿದ್ದರೆ ಇಷ್ಟು ನಿಧಾನ ಇರಲು ಸಾಧ್ಯವೇ ಇರಲಿಲ್ಲ. ಅರ್ಧ ಶತಮಾನದ ಬಳಿಕ, 1902ರಲ್ಲಿ, ಯೂಲಿಯುಸ್ ಬರ್ನ್‌ಸ್ಟೈನ್ ಎಲ್ಲವೂ ಪೊರೆಯಲ್ಲಿ ಮತ್ತು ಪೊಟ್ಯಾಸಿಯಮ್ಮಿನಲ್ಲಿ ಇದೆ ಎಂದು ಸರಿಯಾದ ಜಾಗಕ್ಕೆ ಕೈಯಿಟ್ಟರು. ಆದರೆ ಸುದ್ದಿ ಹೊರಟಾಗ ಪೊರೆ ಒಡೆದಂತಾಗಿ ವೋಲ್ಟೇಜ್ ಸೊನ್ನೆಗೆ ಬರುತ್ತದೆ ಎಂಬ ಅವರ ಊಹೆ ತಪ್ಪಾಗಿತ್ತು. ಅದನ್ನು ತೋರಿಸಲು ನರದ ಒಳಗೆ ತಂತಿ ಇಳಿಸಬೇಕಿತ್ತು. ಮನುಷ್ಯನ ನರತಂತು ಒಂದೊಂದೂ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿಗಿಂತ ದಪ್ಪ ಇರುವುದಿಲ್ಲ.

ಸಮುದ್ರದ ಸ್ಕ್ವಿಡ್ ಪ್ರಾಣಿಯಲ್ಲಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ದಪ್ಪ ಇರುವ ನರತಂತು ಇದೆಯೆಂದು ಜೆ.ಝಡ್. ಯಂಗ್ 1936ರಲ್ಲಿ ತೋರಿಸಿದರು. ಇಂಗ್ಲೆಂಡಿನ ಪ್ಲಿಮತ್ ಕಡಲ ಪ್ರಯೋಗಾಲಯದಲ್ಲಿ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಆ ತಂತುವಿನೊಳಗೆ ಸೂಕ್ಷ್ಮ ವಿದ್ಯುದ್ವಾರ ಇಳಿಸಿದ್ದು 1939ರ ಬೇಸಿಗೆಯಲ್ಲಿ. ಸುದ್ದಿ ಹಾಯುವಾಗ ವೋಲ್ಟೇಜ್ ಸೊನ್ನೆಗೆ ನಿಲ್ಲದೆ, ಅದನ್ನು ದಾಟಿ ಧನದ ಕಡೆಗೆ ಹಾರಿತ್ತು. ಕೆಲವೇ ವಾರಗಳಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು, ಕೆಲಸ ವರ್ಷಗಟ್ಟಲೆ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಸ್ಕ್ವಿಡ್ಡಿಗೆ ಮರಳಿ, 1952ರಲ್ಲಿ ಒಂದರ ಹಿಂದೊಂದು ಐದು ಪ್ರಬಂಧ ಪ್ರಕಟಿಸಿದರು. ಕೇಂಬ್ರಿಜ್‌ನ ಕಂಪ್ಯೂಟರು ಆಗ ಮಾರ್ಪಾಡಿಗಾಗಿ ನಿಂತಿದ್ದುದರಿಂದ ಹಕ್ಸ್‌ಲಿ ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲೇ ವಾರಗಟ್ಟಲೆ ಸಮೀಕರಣ ಬಿಡಿಸಿದರು. ಲೆಕ್ಕ ಹೇಳಿದ ವೇಗ ಸೆಕೆಂಡಿಗೆ 18.8 ಮೀಟರ್, ನರದಲ್ಲಿ ಅಳೆದದ್ದು 21.2. ಜೀವಶಾಸ್ತ್ರದಲ್ಲಿ ಲೆಕ್ಕ ಮತ್ತು ಜೀವ ಇಷ್ಟು ಹತ್ತಿರ ಬಂದ ಉದಾಹರಣೆಗಳು ಬಹಳ ಇಲ್ಲ. ನನ್ನ ಮಟ್ಟಿಗೆ ಇಪ್ಪತ್ತನೇ ಶತಮಾನದ ಜೀವವಿಜ್ಞಾನದಲ್ಲಿ ಡಿಎನ್‌ಎ ರಚನೆಯ ಪಕ್ಕದಲ್ಲಿ ಇಡಬೇಕಾದ ಕೆಲಸ ಇದು. ನಮ್ಮ ಶಾಲಾ ಪುಸ್ತಕಗಳಲ್ಲಿ ಇದಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

ಅವರು ಕಂಡದ್ದು ಇಷ್ಟು. ನರಕ್ಕೆ ಏನೋ ತಾಗಿ ಒಳಗಿನ ವೋಲ್ಟೇಜ್ −70ರಿಂದ −55 ಮಿಲಿವೋಲ್ಟಿನ ಸುಮಾರಿಗೆ ಬಂದರೆ ಸೋಡಿಯಮ್ಮಿನ ನಾಳಗಳು ತೆರೆಯತೊಡಗುತ್ತವೆ. ಹೊರಗಿನ ಸೋಡಿಯಂ ನುಗ್ಗುತ್ತದೆ, ನುಗ್ಗಿದ್ದರಿಂದ ವೋಲ್ಟೇಜ್ ಇನ್ನೂ ಏರುತ್ತದೆ, ಏರಿದ್ದರಿಂದ ಮತ್ತಷ್ಟು ನಾಳಗಳು ತೆರೆಯುತ್ತವೆ. ಮಿಲಿಸೆಕೆಂಡಿನೊಳಗೆ ಒಳಗಡೆ +30, +40ಕ್ಕೆ ಮುಟ್ಟುತ್ತದೆ. ಅಷ್ಟರಲ್ಲಿ ಸೋಡಿಯಂ ನಾಳಗಳು ತಾವಾಗಿ ಮುಚ್ಚಿ ಬೀಗ ಬೀಳುತ್ತದೆ, ಪೊಟ್ಯಾಸಿಯಂ ನಾಳಗಳು ಅಗಲವಾಗಿ ತೆರೆದು ವೋಲ್ಟೇಜನ್ನು ಕೆಳಕ್ಕೆ ಇಳಿಸುತ್ತವೆ. ಬೀಗ ತೆರೆಯುವವರೆಗೆ ಆ ಜಾಗ ಮತ್ತೆ ಕೆರಳದು, ಹಾಗಾಗಿ ಸುದ್ದಿ ಬಂದ ದಾರಿಗೆ ತಿರುಗದೆ ಮುಂದಕ್ಕಷ್ಟೇ ಹೋಗುತ್ತದೆ. ತೋಟದಲ್ಲಿ ಬಿದ್ದ ಒಣ ಗರಿಯ ತುದಿಗೆ ಬೆಂಕಿ ತಾಕಿದರೆ ಪ್ರತಿ ಎಸಳೂ ತನ್ನದೇ ಸೌದೆಯಿಂದ ಉರಿದು ಪಕ್ಕದ ಎಸಳನ್ನು ಹೊತ್ತಿಸುತ್ತದೆ. ನರದ ಸುದ್ದಿಯೂ ಹಾಗೆ ಮುಂದುವರಿಯುತ್ತದೆ. ಹೊರಟ ಜಾಗದಲ್ಲಿ ಎಷ್ಟು ಬಲವಿತ್ತೋ ಮುಟ್ಟಿದ ಜಾಗದಲ್ಲೂ ಅಷ್ಟೇ ಇರುತ್ತದೆ. ಕಾಲ್ಬೆರಳಿಗೆ ಚುಚ್ಚಿದ ಮುಳ್ಳಿನ ಸುದ್ದಿ ಬೆನ್ನುಹುರಿಯವರೆಗೆ ಒಂದು ಮೀಟರ್ ದಾರಿಯಲ್ಲಿ ಸವೆಯುವುದಿಲ್ಲ. ನೋವು ಹೆಚ್ಚಾದರೆ ಅಲೆ ದೊಡ್ಡದಾಗುವುದಿಲ್ಲ, ಸೆಕೆಂಡಿಗೆ ಬರುವ ಅಲೆಗಳ ಎಣಿಕೆ ಹೆಚ್ಚುತ್ತದೆ. ಹಲ್ಲು ಕೀಳುವ ಮುನ್ನ ವೈದ್ಯರು ಕೊಡುವ ಲಿಗ್ನೊಕೇನ್ ಇಂಜೆಕ್ಷನ್ ಈ ಸೋಡಿಯಂ ನಾಳಕ್ಕೇ ಅಡ್ಡ ಕೂರುತ್ತದೆ. ಹಲ್ಲು ಕೀಳುತ್ತಾರೆ, ಸುದ್ದಿ ಮಾತ್ರ ಹೊರಡುವುದಿಲ್ಲ.

ಒಂದು ಅಯಾನು ನಾಳ ತೆರೆದು ಮುಚ್ಚುವುದನ್ನು ನೇರವಾಗಿ ಅಳೆದದ್ದು 1976ರಲ್ಲಿ, ಜರ್ಮನಿಯ ಎರ್ವಿನ್ ನೆಹರ್ ಮತ್ತು ಬರ್ಟ್ ಸಾಕ್‌ಮನ್. 1998ರಲ್ಲಿ ರಾಡರಿಕ್ ಮ್ಯಾಕಿನನ್ ಪೊಟ್ಯಾಸಿಯಂ ನಾಳವೊಂದರ ಆಕಾರವನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದರು. ಎರಡಕ್ಕೂ ನೊಬೆಲ್ ಬಂತು.

ವೇಗದ ಪ್ರಶ್ನೆಗೆ ಮತ್ತೆ ಬರೋಣ. ಬೆನ್ನೆಲುಬಿರುವ ಪ್ರಾಣಿಗಳು ನರವನ್ನು ದಪ್ಪ ಮಾಡದೆ ವೇಗ ಗಳಿಸಿದ್ದು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಂದ. ಹೊದಿಕೆ ಅಲ್ಲಲ್ಲಿ ತುಂಡಾಗಿ ಸಣ್ಣ ಬರಿಜಾಗಗಳಿರುತ್ತವೆ, ಸೋಡಿಯಂ ನಾಳಗಳು ಅಲ್ಲೇ ಗುಂಪಾಗಿವೆ. ಸುದ್ದಿ ಒಂದು ಬರಿಜಾಗದಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಹೊದಿಕೆ ಇಲ್ಲದ ಸಣ್ಣ ನರತಂತುಗಳಲ್ಲಿ ವೇಗ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ಹೊದಿಕೆಯಿರುವ ದಪ್ಪ ತಂತುಗಳಲ್ಲಿ 120 ಮೀಟರಿನವರೆಗೆ. ಕುಡುಗೋಲು ಕೈಗೆ ತಾಗಿದಾಗ ಮೊದಲು ಚುರುಕ್ಕೆಂದು, ಒಂದು ಕ್ಷಣ ಬಿಟ್ಟು ಉರಿ ಹತ್ತುವುದು ಏಕೆಂದರೆ ಎರಡು ವೇಗದ ತಂತುಗಳು ಬೇರೆಬೇರೆಯಾಗಿ ಸುದ್ದಿ ತರುತ್ತವೆ. ಕುಷ್ಠದ ರೋಗಾಣು ಈ ಹೊದಿಕೆಯನ್ನು ಕಟ್ಟುವ ಶ್ವಾನ್ ಕೋಶಗಳಲ್ಲೇ ಮನೆ ಮಾಡುತ್ತದೆ. ಮಚ್ಚೆಯಲ್ಲಿ ಸ್ಪರ್ಶ ಹೋಗುವುದು ಅದರಿಂದ. ಗಿಲ್ಯಾನ್-ಬಾರೆ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಹೊದಿಕೆಯನ್ನು ಕಿತ್ತುಹಾಕುತ್ತದೆ. ನರದ ವೇಗ ಅಳೆಯುವ ಪರೀಕ್ಷೆಯಲ್ಲಿ ಆರೋಗ್ಯವಂತರ ಮುಂಗೈ ನರ ಸೆಕೆಂಡಿಗೆ 50 ಮೀಟರಿಗಿಂತ ಹೆಚ್ಚು ತೋರಿಸಬೇಕು. ಕೈ ತಣ್ಣಗಿದ್ದರೆ ವೇಗ ಕಡಿಮೆ ಬರುತ್ತದೆಂದು ಪರೀಕ್ಷೆಗೆ ಮುನ್ನ ಬೆಚ್ಚಗೆ ಮಾಡುತ್ತಾರೆ. ಅಯಾನು ನಾಳಗಳು ಶಾಖಕ್ಕೆ ಇಷ್ಟು ಸೂಕ್ಷ್ಮ ಎಂಬುದನ್ನು ಓದುಗರು ಗಮನದಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನರದ ತುದಿಗೆ ಬಂದರೆ ಅಲ್ಲೊಂದು ಕಂದಕ. ನರ ಸ್ನಾಯುವಿಗೆ ಅಂಟಿಕೊಂಡಿಲ್ಲ. ನಡುವೆ ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಬಿಡುವಿದೆ. ಅಲ್ಲಿ ಸುದ್ದಿ ದಾಟುವುದು ರಾಸಾಯನಿಕದ ರೂಪದಲ್ಲಿ ಎಂದು 1921ರಲ್ಲಿ ಆಟೊ ಲೂವಿ ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು ತೋರಿಸಿದರು. ಒಂದು ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನವಾದ ಮೇಲೆ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರೆ ಅದರ ಬಡಿತವೂ ನಿಧಾನವಾಯಿತು. ಆ ವಸ್ತು ಅಸಿಟೈಲ್‌ಕೋಲಿನ್. ನರದ ತುದಿಗೆ ವಿದ್ಯುತ್ ಅಲೆ ಮುಟ್ಟಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅಸಿಟೈಲ್‌ಕೋಲಿನ್ ತುಂಬಿದ ಸಣ್ಣ ಚೀಲಗಳು ಒಡೆದು ಕಂದಕಕ್ಕೆ ಸುರಿಯುತ್ತವೆ. ಅದು ಹೀಗೆ ಚೀಲದ ಲೆಕ್ಕದಲ್ಲೇ ಬರುತ್ತದೆಂದು 1950ರ ದಶಕದಲ್ಲಿ ಬರ್ನಾರ್ಡ್ ಕಾಟ್ಸ್ ಸಾಬೀತು ಮಾಡಿದರು. ಆಚೆ ದಡದಲ್ಲಿ ಸ್ನಾಯುವಿನ ಗ್ರಾಹಕ ಪ್ರೋಟೀನುಗಳು ಅದನ್ನು ಹಿಡಿದು ತಮ್ಮ ನಾಳ ತೆರೆಯುತ್ತವೆ, ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಕೋಲಿನೆಸ್ಟರೇಸ್ ಕಿಣ್ವ ಕೂಡಲೇ ಒಡೆದುಹಾಕುತ್ತದೆ.

ಉಸಿರಾಟದ ಸ್ನಾಯುಗಳಿಗೂ ಅಪ್ಪಣೆ ಹೋಗುವುದು ಈ ಕಂದಕದ ಮೂಲಕವೇ. ಹಾವುಗಳ ಮತ್ತು ಕೀಟನಾಶಕಗಳ ದಾಳಿ ಬೀಳುವುದೂ ಇಲ್ಲಿಗೇ. ತೆಂಗಿನ ಸೀಮೆಯವರು ಈ ಭಾಗವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು.

ಮಟ್ಟೆಯ ರಾಶಿ, ಗರಿಯ ಮೆದೆ, ಕೊಬ್ಬರಿ ಅಟ್ಟ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ನಾಗರಹಾವಿನ ನರವಿಷ ಆಚೆ ದಡದ ಗ್ರಾಹಕಗಳ ಮೇಲೆ ಕೂತು ಅಸಿಟೈಲ್‌ಕೋಲಿನಿಗೆ ಜಾಗ ಕೊಡುವುದಿಲ್ಲ. ಪ್ರತಿವಿಷ ಕೊಟ್ಟು, ಕೋಲಿನೆಸ್ಟರೇಸನ್ನು ತಡೆಯುವ ನಿಯೊಸ್ಟಿಗ್ಮಿನ್ ಕೊಟ್ಟರೆ ಕಂದಕದಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚಿ ಸ್ನಾಯು ಚೇತರಿಸಿಕೊಳ್ಳುವ ದಾರಿ ಇದೆ. ಕಟ್ಟುಹಾವಿನದು ಬೇರೆ ಕಥೆ. ಅದರ ಮುಖ್ಯ ವಿಷ ಈಚೆ ದಡದಲ್ಲಿ, ನರದ ತುದಿಯೊಳಗೇ ಕೆಲಸ ಮಾಡುತ್ತದೆ. ಅಸಿಟೈಲ್‌ಕೋಲಿನ್ ಚೀಲಗಳನ್ನು ಬರಿದುಮಾಡಿ ತುದಿಯನ್ನೇ ಹಾಳುಗೆಡವುತ್ತದೆ. ಹಾಳಾದ ಮೇಲೆ ಯಾವ ಪ್ರತಿವಿಷವೂ ಅದನ್ನು ಸರಿಮಾಡಲಾರದು, ನರ ಮತ್ತೆ ಚಿಗುರುವವರೆಗೆ ದಿನಗಟ್ಟಲೆ ವೆಂಟಿಲೇಟರಿನಲ್ಲಿ ಇಡಬೇಕು. ಕಟ್ಟುಹಾವು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಡಿಯುವುದು ಹೆಚ್ಚು. ನೋವು ಇರುವುದಿಲ್ಲ, ಊತ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರ ರೆಪ್ಪೆ ಇಳಿಬಿದ್ದಿದ್ದರೆ, ಮಾತು ತೊದಲಿದರೆ ಅದು ಕಟ್ಟುಹಾವಿನ ಕಡಿತ ಇರಬಹುದೆಂದು ಮೊದಲು ಶಂಕಿಸಬೇಕು. ನರದ ತುದಿ ಹಾಳಾಗುವ ಮುನ್ನ ಪ್ರತಿವಿಷ ರಕ್ತಕ್ಕೆ ಸೇರಬೇಕು. ನಾಟಿ ಔಷಧಿಗೆ, ಮಂತ್ರಕ್ಕೆ ಕಳೆದ ಎರಡು ಗಂಟೆ ವಾಪಸು ಬರುವುದಿಲ್ಲ ಎಂಬುದು ಬರೀ ಉಪದೇಶವಲ್ಲ, ಕಂದಕದ ಈಚೆ ದಡದ ಜೀವರಸಾಯನ ಹೇಳುವ ಮಾತು.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿತು. ಇದು ಒಳ್ಳೆಯ ಹೆಜ್ಜೆ. ಎಣಿಕೆಯೇ ಇಲ್ಲದ ಕಾಯಿಲೆಗೆ ಔಷಧಿ ದಾಸ್ತಾನು ಲೆಕ್ಕ ಹಾಕುವುದು ಹೇಗೆ?

ಕೀಟನಾಶಕದ ಮಾತು. ತೆಂಗಿನ ಕಪ್ಪುತಲೆ ಹುಳಕ್ಕೆ ಬೇರಿನ ಮೂಲಕ ಉಣಿಸುತ್ತಿದ್ದ ಮೊನೊಕ್ರೊಟೊಫಾಸ್ ಔಷಧಿಯನ್ನು ಈ ಸೀಮೆಯ ಹಳೆಯ ಬೆಳೆಗಾರರು ಬಲ್ಲರು. ಔಷಧಿ ಕೊಟ್ಟ ಮೇಲೆ 45 ದಿನ ಕಾಯಿ ಕೀಳಬಾರದು ಎಂಬ ಸೂಚನೆಯೂ ಅವರಿಗೆ ಗೊತ್ತು. ಅದು ಕಂದಕದ ಕೋಲಿನೆಸ್ಟರೇಸನ್ನು ಕಟ್ಟಿಹಾಕುತ್ತದೆ, ಹುಳದಲ್ಲೂ ಮನುಷ್ಯನಲ್ಲೂ. ಅಸಿಟೈಲ್‌ಕೋಲಿನ್ ಒಡೆಯದೆ ಉಳಿದು ತುಂಬಿ ಹರಿಯುತ್ತದೆ: ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸ್ನಾಯುಗಳ ಅದುರು, ಆಮೇಲೆ ನಿತ್ರಾಣ. ಹತೋಟಿಯಲ್ಲಿ, ಸಣ್ಣ ಪ್ರಮಾಣದಲ್ಲಿ ನಾಗರಹಾವು ಕಡಿದವರನ್ನು ಉಳಿಸುವ ನಿಯೊಸ್ಟಿಗ್ಮಿನ್ನಿನ ತಂತ್ರವೇ ಇಲ್ಲಿ ಹತೋಟಿ ತಪ್ಪಿ ಕೊಲ್ಲುತ್ತದೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯ ಪ್ರಸಾದಕ್ಕೆ ಬೆರೆತಿದ್ದ ವಿಷ ಇದೇ. 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ತರಕಾರಿಗೆ ಇದನ್ನು ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲಿ ನಿಷೇಧಿಸಿತ್ತು, ನಮ್ಮಲ್ಲಿ ಮಾರಾಟವಾಗುತ್ತಿದ್ದ ಶೇ. 36ರ ದ್ರಾವಣವನ್ನು ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಹದಿನೆಂಟು ವರ್ಷ ತಡವಾಯಿತು ಎಂದೇ ನನ್ನ ಅಭಿಪ್ರಾಯ. ಕಪ್ಪುತಲೆ ಹುಳವನ್ನು ತಿಂದು ಬದುಕುವ ಗೊನಿಯೋಜಸ್ ಪರೋಪಜೀವಿಗಳನ್ನು ತೋಟಕ್ಕೆ ಬಿಡುವ ಪದ್ಧತಿ ಇರುವಾಗ ನರದ ವಿಷಕ್ಕೆ ಕೈಹಾಕುವ ಅಗತ್ಯ ಇಲ್ಲ.

ಇಲ್ಲಿಯವರೆಗೆ ಒಂದು ನರ, ಒಂದು ಸ್ನಾಯು. ಮಿದುಳಿನಲ್ಲಿ ಇರುವುದು ಸುಮಾರು 8,600 ಕೋಟಿ ನರಕೋಶಗಳು. ಅಲ್ಲಿ ಗ್ಲುಟಮೇಟ್ ಎಂಬ ವಸ್ತು ಮುಂದಿನ ಕೋಶವನ್ನು ಕೆರಳಿಸುತ್ತದೆ, ಗಾಬಾ ಎಂಬುದು ತಣಿಸುತ್ತದೆ. ಈ ಎರಡರ ಹದ ತಪ್ಪಿ ಸಾವಿರಾರು ಕೋಶಗಳು ಒಟ್ಟಿಗೆ ಕೆರಳಿದರೆ ಮೂರ್ಛೆ. ಹಳ್ಳಿಗಳಲ್ಲಿ ಫಿಟ್ಸ್ ಎನ್ನುತ್ತೇವೆ, ಗಾಳಿ ಸೋಕಿತು ಎನ್ನುವವರೂ ಇದ್ದಾರೆ. ಫಿನೈಟಾಯಿನ್ ಮಾತ್ರೆ ಪದೇಪದೇ ತೆರೆಯುವ ಸೋಡಿಯಂ ನಾಳಗಳ ಬೀಗವನ್ನು ಇನ್ನಷ್ಟು ಹೊತ್ತು ಹಾಕಿಡುತ್ತದೆ. ಫಿನೊಬಾರ್ಬಿಟಾಲ್ ಗಾಬಾದ ಕೈ ಬಲಪಡಿಸುತ್ತದೆ. ಎರಡೂ ಹಳೆಯ, ಅಗ್ಗದ ಔಷಧಿಗಳು. ಇವುಗಳಿಂದಲೇ ಹಳ್ಳಿಗಳಲ್ಲಿ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನಲ್ಲಿ ತೋರಿಸಿದ್ದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಕರ್ನಾಟಕಕ್ಕೆ ವಿಶೇಷವಾದ ಒಂದು ಮೂರ್ಛೆ ಇದೆ. ತಲೆಗೆ ಬಿಸಿನೀರು ಹಾಕಿಕೊಳ್ಳುವಾಗ ಬರುವ ಫಿಟ್ಸ್. ಇಂಥದೊಂದು ಪ್ರಕರಣ ಮೊದಲು ವರದಿಯಾದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಇದನ್ನು ಒಂದು ಕಾಯಿಲೆಯಾಗಿ ಕಂಡು, ರೋಗಿಗಳ ದೊಡ್ಡ ಗುಂಪನ್ನೇ ಅಧ್ಯಯನ ಮಾಡಿದ್ದು ಬೆಂಗಳೂರಿನವರು. ಡಾ. ಮಣಿ ಮತ್ತು ಸಂಗಡಿಗರ ಮೊದಲ ಬರಹ 1968ರದು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರವನ್ನು 1988ರಲ್ಲಿ ಪ್ರಕಟಿಸಿದರು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರ ಮನೆಮನೆ ಸಮೀಕ್ಷೆ ನಡೆದಾಗ ಮೂರ್ಛೆರೋಗ ಸಾವಿರಕ್ಕೆ 8.8 ಮಂದಿಯಲ್ಲಿತ್ತು. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಇದರಲ್ಲಿ ಬಿಸಿನೀರಿನ ಮೂರ್ಛೆಯ ಪಾಲು ಶೇ. 6.9, ಅಂದರೆ ಲಕ್ಷಕ್ಕೆ ಸುಮಾರು 60 ಮಂದಿ. ಟರ್ಕಿಯಲ್ಲೂ ಇದು ಕಾಣಿಸುತ್ತದೆ, ಉಳಿದ ಕಡೆ ಅಪರೂಪ.

ನಮ್ಮ ಸ್ನಾನದ ಕ್ರಮ ನೆನೆಯಿರಿ. ಬಚ್ಚಲ ಒಲೆಗೆ ಮಟ್ಟೆ, ಚಿಪ್ಪು, ಗರಿ ತುಂಬಿ ಹಂಡೆಯ ನೀರು ಕಾಯಿಸುತ್ತೇವೆ. ತೆಂಗಿನ ಸೀಮೆಯಲ್ಲಿ ಸೌದೆಗೆ ಬರವಿಲ್ಲ, ನೀರು ಕುದಿಯುವ ಹತ್ತಿರ ಬರುತ್ತದೆ. ತಲೆಸ್ನಾನದ ದಿನ ಚೊಂಬಿನ ಮೇಲೆ ಚೊಂಬು ನೇರ ನೆತ್ತಿಗೆ ಬೀಳುತ್ತದೆ. ತಣ್ಣೀರು ಬೆರೆಸಿದ ಮೇಲೂ ಆ ನೀರಿನ ಶಾಖ 40ರಿಂದ 50 ಡಿಗ್ರಿ ಸೆಲ್ಸಿಯಸ್. ಕೆಲವರಲ್ಲಿ ಈ ಹಠಾತ್ ಶಾಖ ಮಿದುಳಿನ ನರಕೋಶಗಳನ್ನು ಕೆರಳಿಸುತ್ತದೆ. ಹೆಚ್ಚಿನವರಿಗೆ ಮೊದಲು ದಿಗ್ಭ್ರಮೆ, ಶೂನ್ಯದೃಷ್ಟಿ, ಅರ್ಥವಿಲ್ಲದ ಮಾತು. ಕೆಲವರಿಗೆ ಮೈಯೆಲ್ಲ ಸೆಟೆದು ಬೀಳುವ ಮೂರ್ಛೆ. ಗಂಡಸರಲ್ಲಿ ಹೆಚ್ಚು, ಮಕ್ಕಳಲ್ಲೂ ಉಂಟು. ಒಂದಷ್ಟು ಜನರಿಗೆ ವರ್ಷಗಳ ಬಳಿಕ ಬಿಸಿನೀರಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ಇಲಿಗಳ ಮೇಲೆ ಮತ್ತೆಮತ್ತೆ ಬಿಸಿನೀರು ಬಿಟ್ಟರೆ ಅವುಗಳ ಮಿದುಳೂ ಬರಬರುತ್ತ ಕಡಿಮೆ ಶಾಖಕ್ಕೇ ಕೆರಳುವುದನ್ನು ನಿಮ್ಹಾನ್ಸ್ ಪ್ರಯೋಗಗಳು ತೋರಿಸಿವೆ.

ಶಾಖಕ್ಕೂ ನರದ ವಿದ್ಯುತ್ತಿಗೂ ಇರುವ ನಂಟಿನ ಕಥೆಯಲ್ಲಿ ಬೆಂಗಳೂರಿಗೆ ಸೇರಿದ ಇನ್ನೊಂದು ಹೆಸರಿದೆ. ಒಬೈದ್ ಸಿದ್ದಿಕಿ 1976ರಲ್ಲಿ ಸೀಮೋರ್ ಬೆಂಜರ್ ಜೊತೆ ಹಣ್ಣುನೊಣಗಳ ಕೆಲವು ವಿಶೇಷ ತಳಿಗಳ ಮೇಲೆ ಒಂದು ಪ್ರಬಂಧ ಬರೆದರು. ಬೆಚ್ಚಗಾದರೆ ಈ ನೊಣಗಳಿಗೆ ಪಾರ್ಶ್ವವಾಯು ಹೊಡೆಯುತ್ತದೆ, ತಣ್ಣಗಾದರೆ ಎದ್ದು ಓಡಾಡುತ್ತವೆ. ಏಕೆಂದರೆ ಶಾಖದಲ್ಲಿ ಅವುಗಳ ನರದ ಸುದ್ದಿ ನಿಲ್ಲುತ್ತದೆ. ಇಂಥ ನೊಣಗಳಲ್ಲಿ ‘ಪ್ಯಾರಲಿಟಿಕ್’ ಎಂಬ ತಳಿಯಲ್ಲಿ ಕೆಟ್ಟಿರುವ ಜೀನು ಸೋಡಿಯಂ ನಾಳದ್ದು ಎಂದು 1989ರಲ್ಲಿ ಗೊತ್ತಾಯಿತು. ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು, 2013ರಲ್ಲಿ ತೀರಿಕೊಂಡರು. ಮನುಷ್ಯರಲ್ಲೂ ಸೋಡಿಯಂ ನಾಳದ ಒಂದು ಜೀನು ಕೆಟ್ಟರೆ ಡ್ರಾವೆ ಎಂಬ ಕಾಯಿಲೆ ಬರುತ್ತದೆ; ಆ ಕೂಸುಗಳಿಗೆ ಜ್ವರ ಬಂದರೂ ಬಿಸಿನೀರು ಹಾಕಿದರೂ ಮೂರ್ಛೆ.

ನಮ್ಮ ಬಿಸಿನೀರಿನ ಮೂರ್ಛೆಗೂ ಹೀಗೆ ಒಂದೇ ಜೀನು ಸಿಕ್ಕೀತೆಂಬ ಆಸೆ ಫಲಿಸಿಲ್ಲ. ಕಾಯಿಲೆ ಕೆಲವು ಮನೆತನಗಳಲ್ಲಿ ಹರಿದುಬರುವುದು ಕಂಡಿದ್ದರಿಂದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್ ಜೊತೆ ದಕ್ಷಿಣ ಭಾರತದ ಕುಟುಂಬಗಳನ್ನು ಪರೀಕ್ಷಿಸಿತು. 2009ರಲ್ಲಿ 4 ಮತ್ತು 10ನೇ ವರ್ಣತಂತುಗಳ ಮೇಲೆ ಎರಡು ಜಾಗ ಗುರುತಾದವು. 2017ರಲ್ಲಿ ಕೆಲವು ರೋಗಿಗಳಲ್ಲಿ ಗ್ಲುಟಮೇಟನ್ನು ಕೋಶದೊಳಗೆ ಎಳೆದುಕೊಳ್ಳುವ ಒಂದು ಪ್ರೋಟೀನಿನ ಜೀನಿನಲ್ಲಿ ಅಪರೂಪದ ವ್ಯತ್ಯಾಸಗಳು ಕಂಡುಬಂದವು. ಇದು ಅರ್ಥಪೂರ್ಣವಾದ ಸುಳಿವು. ಕೆರಳಿಸುವ ರಾಸಾಯನಿಕ ಕಂದಕದಲ್ಲಿ ಹೆಚ್ಚು ಹೊತ್ತು ಉಳಿದರೆ ಹದ ತಪ್ಪುವುದು ಸಹಜ. ಆದರೆ ಎಲ್ಲ ರೋಗಿಗಳ ಕಥೆಯನ್ನೂ ಅದು ಹೇಳುವುದಿಲ್ಲ. ಕಾಯಿಲೆಯಲ್ಲಿ ಜೀನಿನ ಪಾಲೆಷ್ಟು, ಬಚ್ಚಲ ರೂಢಿಯ ಪಾಲೆಷ್ಟು ಎಂಬ ಪ್ರಶ್ನೆ ಉತ್ತರಕ್ಕಾಗಿ ಕಾದಿದೆ. ಹಾಜ್‌ಕಿನ್, ಹಕ್ಸ್‌ಲಿ ಸ್ಕ್ವಿಡ್ ಹುಡುಕಿ ಕಡಲಿಗೆ ಹೋಗಬೇಕಾಯಿತು. ನಮಗೆ ಹುಡುಕುವ ಜಾಗ ಹತ್ತಿರದಲ್ಲೇ ಇದೆ, ಹಂಡೆ ಒಲೆ ಉರಿಯುವ ಪ್ರತಿ ಊರಿನಲ್ಲೂ ಇದೆ. ತುಮಕೂರು ಜಿಲ್ಲೆಯ ತೆಂಗಿನ ತಾಲ್ಲೂಕುಗಳಲ್ಲಿ ಮನೆಮನೆ ಸಮೀಕ್ಷೆ ಆಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ್ದು ಇದೆ. ಮನೆಯಲ್ಲಿ ಯಾರಿಗಾದರೂ ಸ್ನಾನದ ವೇಳೆ ಕಣ್ಣು ನೆಟ್ಟಂತಾದರೆ, ತಡವರಿಸಿದರೆ, ಬಿದ್ದರೆ, ಅದನ್ನು ಮುಚ್ಚಿಡಬೇಡಿ. ಹುಡುಗಿಯ ಮದುವೆ ಕೆಡುತ್ತದೆಂದು ಹೆದರಬೇಡಿ, ಕೈಗೆ ಬೀಗದಕೈ ಗೊಂಚಲು ಕೊಟ್ಟು ಸುಮ್ಮನಾಗಬೇಡಿ. ಉಗುರು ಬೆಚ್ಚಗಿನ ನೀರಿನಲ್ಲಿ, ಮೊದಲು ಮೈಗೆ, ಕೊನೆಗೆ ನಿಧಾನವಾಗಿ ತಲೆಗೆ ಹಾಕಿಕೊಳ್ಳಲಿ. ಬಚ್ಚಲಿನ ಅಗುಳಿ ಹಾಕದಿರಲಿ, ಉರಿಯುವ ಒಲೆಯ ಪಕ್ಕ ಒಬ್ಬರೇ ಇರದಿರಲಿ. ನರರೋಗ ವೈದ್ಯರಿಗೆ ತೋರಿಸಿ. ಹಲವರಿಗೆ ಶಾಖ ಇಳಿಸಿದರೇ ಸಾಕಾಗುತ್ತದೆ. ಸಾಲದವರಿಗೆ ಸ್ನಾನಕ್ಕೆ ಮುನ್ನ ತೆಗೆದುಕೊಳ್ಳುವ ಕ್ಲೊಬಜಾಮ್ ಮಾತ್ರೆಯನ್ನೋ ದಿನವೂ ನುಂಗುವ ಔಷಧಿಯನ್ನೋ ಅವರು ಬರೆದುಕೊಡುತ್ತಾರೆ.